ಬೇಟೆಗಾರರೇ ಕಾವಲುಗಾರರಾದ ಚಿಲಿಕಾ

ಜನವರಿಯ ಮುಂಜಾನೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಮಂಜು ಕರಗುವ ಮೊದಲೇ ದೋಣಿಗಳು ಹೊರಡುತ್ತವೆ. ಮೀನು ಹಿಡಿಯಲಿಕ್ಕಲ್ಲ, ಹಕ್ಕಿ ಎಣಿಸಲಿಕ್ಕೆ.

ನಮ್ಮ ಅಳಿವೆಗಳ ಹಾಗೆ ಅಲ್ಲಿಯೂ ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ಸೇರುತ್ತವೆ. ಆದರೆ ಮಳೆಗಾಲದಲ್ಲಿ ಅದರ ವಿಸ್ತಾರ 1,100 ಚದರ ಕಿ.ಮೀ. ದಾಟುತ್ತದೆ. ಸೈಬೀರಿಯಾ, ಮಂಗೋಲಿಯಾದ ಕಡೆಯಿಂದ ಬರುವ ಬಾತು, ಹೆಬ್ಬಾತುಗಳು ಚಳಿಗಾಲ ಕಳೆಯುವುದು ಇಲ್ಲಿಯೇ.

ಇಷ್ಟೊಂದು ಹಕ್ಕಿ ಎಣಿಸುವುದು ಹೇಗೆ? ಅರಣ್ಯ ಇಲಾಖೆಯವರು ಸರೋವರವನ್ನು ಭಾಗ ಮಾಡಿ ಒಂದೊಂದು ತಂಡಕ್ಕೆ ವಹಿಸುತ್ತಾರೆ. ದೊಡ್ಡ ಹಿಂಡಾದರೆ ಮೊದಲು ನೂರು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿ, ಅದೇ ಅಳತೆಯಲ್ಲಿ ಉಳಿದದ್ದನ್ನು ಲೆಕ್ಕ ಹಾಕುವುದು. 2024ರಲ್ಲಿ ಈ ಲೆಕ್ಕ 11 ಲಕ್ಷ ದಾಟಿತ್ತು.

ಈ ಲೆಕ್ಕದ ಹಿಂದೆ ಸರೋವರದ ಬದಿಯ ಮಂಗಳಾಜೋಡಿ ಎಂಬ ಊರಿನ ಕಥೆಯೂ ಉಂಟು. ಒಂದು ಕಾಲದಲ್ಲಿ ಅದು ಬೇಟೆಗಾರರ ಊರು. ಹಕ್ಕಿ ಹೊಡೆದು ಮಾಂಸ ಮಾರಿದರೆ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. 2000ದಲ್ಲಿ ಊರವರೇ ಪಕ್ಷಿ ರಕ್ಷಣೆಗೆ ಸಮಿತಿ ಕಟ್ಟಿದರು. ಹಕ್ಕಿ ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂದು ಬೇಟೆಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಅರಿವೇ ಈಗ ಕಾವಲಿಗೆ ಬಂತು. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಹಕ್ಕಿ ತೋರಿಸುವುದು ಹಲವರಿಗೆ ದುಡಿಮೆಯಾಯಿತು.

ಬೇಟೆ ತಪ್ಪು ಎಂದು ಹೇಳುವುದು ಸುಲಭ. ಬಿಟ್ಟವನ ಮನೆಯಲ್ಲಿ ಅನ್ನ ಬೇಯಬೇಕಲ್ಲ? ಆ ದಾರಿಯೂ ತೆರೆದದ್ದರಿಂದಲೇ ಇಂದು ಅಲ್ಲಿ ಎಣಿಸಲು ಹಕ್ಕಿಗಳು ಉಳಿದಿವೆ.