ಬ್ಯಾಟನ್ನರ ಶೋಧ

ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ 1936ರಲ್ಲಿ ಏಕಾಕಿನಿಯಾಗಿ ಹಾರಿ, 11 ದಿನ 45 ನಿಮಿಷಗಳಲ್ಲಿ ಆಕ್ಲೆಂಡನ್ನು ಮುಟ್ಟಿದ ಕುಮಾರಿ ಜೀನ್ ಬ್ಯಾಟನ್ನರ ಹೆಸರು ಅಂದು ಜಗದ್ವಿಖ್ಯಾತವಾಗಿತ್ತು. ಅದಕ್ಕೆ ಮೂರು ವರ್ಷ ಮೊದಲು ಕರಾಚಿಯ ಬಳಿ ಯಂತ್ರ ಕೆಟ್ಟು ವಿಮಾನ ಮುರಿದರೂ ಎದೆಗುಂದದಿದ್ದ ಧೀರೆ ಅವರು. ಅಂತಹವರು 1982ರಲ್ಲಿ ಸ್ಪೇನಿಗೆ ಸೇರಿದ ಮಜೋರ್ಕಾ ದ್ವೀಪದಲ್ಲಿ ಮರೆಯಾದರು. ಸುಮಾರು ಐದು ವರ್ಷಗಳ ತನಕ ಅವರ ಗತಿಯೇನೆಂಬುದು ಹೊರಜಗತ್ತಿಗೆ ತಿಳಿಯಲಿಲ್ಲ.

ಅವರ ಜೀವನಚರಿತ್ರೆಯನ್ನು ಬರೆಯಹೊರಟ ಇಯಾನ್ ಮೆಕರ್ಸಿಯವರ ಶೋಧನೆಯಿಂದ 1987ರಲ್ಲಿ ಸತ್ಯವು ಹೊರಬಿದ್ದಿತು. ನಾಯಿ ಕಚ್ಚಿದ ಗಾಯಕ್ಕೆ ಚಿಕಿತ್ಸೆಯನ್ನೊಲ್ಲದೆ, ನಂಜೇರಿ, ಅವರು 1982ರ ನವೆಂಬರು 22ರಂದು ಪಾಲ್ಮಾ ಪಟ್ಟಣದಲ್ಲಿ ತೀರಿಕೊಂಡಿದ್ದರು. 1983ರ ಜನವರಿ 22ರಂದು ಅವರ ದೇಹವು ದಿಕ್ಕಿಲ್ಲದವರ ಸಾಮೂಹಿಕ ಸಮಾಧಿಯನ್ನು ಸೇರಿತು. ಅದೂ ಬ್ಯಾಟನ್ ಎಂಬ ಹೆಸರಿನಿಂದಲ್ಲ, ನಡುಹೆಸರಾದ ಗಾರ್ಡ್ನರ್ ಎಂಬುದರಿಂದ!

ಅವರು ಏಕಾಂತಪ್ರಿಯರೆಂಬುದು ನಿಜ. ಆದರೆ ಏಕಾಂತವನ್ನು ಬಯಸಿದವರ ಮರಣವನ್ನೂ ಮರೆಮಾಚಬೇಕೆಂಬ ವಿಧಿಯೆಲ್ಲಿದೆ? ಪರದೇಶೀಯನೊಬ್ಬನು ಸತ್ತರೆ ಅವನ ದೇಶದ ಪ್ರತಿನಿಧಿಗೆ ತಡವಿಲ್ಲದೆ ತಿಳಿಸತಕ್ಕದ್ದೆಂದು 1963ರ ವಿಯೆನ್ನಾ ಒಪ್ಪಂದವು ಸ್ಪಷ್ಟವಾಗಿ ಹೇಳುತ್ತದೆ. ಮರಣಕ್ಕೂ ಸಮಾಧಿಗೂ ನಡುವೆ ಪೂರಾ ಎರಡು ತಿಂಗಳಿದ್ದವು. ಒಂದು ಕಾಗದವನ್ನು ಬರೆಯಲು ಅಷ್ಟು ಕಾಲ ಸಾಲದಾಯಿತೆ?

ಸ್ಪೇನಿನವರು ಎರಡು ವಂಶನಾಮಗಳನ್ನು ಬಳಸುವುದರಿಂದ ಈ ತೊಡಕುಂಟಾಗಿರಬಹುದೆಂದು ನಾವು ಊಹಿಸುತ್ತೇವೆ. ಹಾಗಾದರೆ ಊರು, ತಂದೆ, ತಾನು ಎಂದು ಮೂರು ಹೆಸರುಗಳನ್ನು ಹೊತ್ತು ಹೊರನಾಡುಗಳಿಗೆ ಒಂಟಿಯಾಗಿ ಹೋಗುತ್ತಿರುವ ನಮ್ಮ ಕನ್ನಡಿಗರ ಪಾಡೇನು? ಕಾಣೆಯಾದವರನ್ನು ಯಾವ ಹೆಸರಿನಿಂದ ಹುಡುಕಬೇಕೆಂಬುದನ್ನು ಭಾರತದ ರಾಯಭಾರ ಕಚೇರಿಗಳು ಮೊದಲೇ ಗೊತ್ತುಮಾಡಿಕೊಂಡಿರಬೇಕೆಂದು ನಾವು ಸರ್ಕಾರವನ್ನು ಒತ್ತಾಯಪಡಿಸುತ್ತೇವೆ.