ಅಂಗನವಾಡಿಯ ಉಪ್ಪಿಟ್ಟು, ಆಯಿಯ ಮಾತು



ಧಾರೂರು, ತಾಂಡೂರು, ಜಹೀರಾಬಾದು, ನಾರಾಯಣಖೇಡ ಕಡೆಯ ನಮ್ಮಂಥವರ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತೆಲುಗು, ಸಂತೆಯಲ್ಲಿ ಉರ್ದು. ತಾಂಡೂರು ಒಂದು ಕಾಲಕ್ಕೆ ಗುಲಬರ್ಗಾ ಜಿಲ್ಲೆಯದು, ಜಹೀರಾಬಾದು, ನಾರಾಯಣಖೇಡ ಬೀದರ ಜಿಲ್ಲೆಯವು. 1956ರಲ್ಲಿ ಗಡಿಯ ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ದೊಡ್ಡವರಿಗೆ ಇದರಿಂದ ತೊಂದರೆಯಿಲ್ಲ. ಮನೆಯಲ್ಲಿ ಮೂರು ವರ್ಷದ ಕೂಸಿದ್ದರೆ ಮಾತ್ರ ಚಿಂತೆ ಹತ್ತುತ್ತದೆ: ಇದನ್ನು ಎಲ್ಲಿಗೆ ಕಳಿಸಬೇಕು, ಯಾವ ಭಾಷೆಯಲ್ಲಿ ಮಾತಾಡಿಸಬೇಕು? ಈ ಚಿಂತೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗನನ್ನು ಮೂರು ತುಂಬುತ್ತಲೇ ಪೇಟೆಯ ಒಂದು ಇಂಗ್ಲಿಷ್ ನರ್ಸರಿಗೆ ಹಾಕಿದೆವು. ತಿಂಗಳಾದ ಮೇಲೆ ಅಲ್ಲಿಯವರು, "ಮನೆಯಲ್ಲಿ ಕನ್ನಡ ಬಿಡಿರಿ, ಹುಡುಗನಿಗೆ ಗೊಂದಲವಾಗುತ್ತದೆ" ಅಂದರು. ಬ್ಯಾಂಕಿನ ಕೌಂಟರಿನಲ್ಲಿ ಮೂರು ಭಾಷೆಗಳಲ್ಲಿ ಲೆಕ್ಕ ಹೇಳಿ ನೌಕರಿ ಮುಗಿಸಿದವನು ನಾನು, ನನಗೆ ಎಂದೂ ಆಗದ ಗೊಂದಲ ಅವನಿಗೆ ಯಾಕಾದೀತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ನನ್ನ ಹೆಂಡತಿಗೆ ಸಂತೆಗೆ ಸಾಕಾಗುವಷ್ಟು ತೆಲುಗು ಬರುತ್ತದೆ, ಕತೆ ಹೇಳುವಷ್ಟು ಬರುವುದಿಲ್ಲ. ಆಕೆ ಸುಮ್ಮನಾದಳು. ನಾಲ್ಕು ತಿಂಗಳಲ್ಲಿ ಹುಡುಗನೂ ಸುಮ್ಮನಾದ. ನೀರು ಬೇಕಾದರೂ ಬೆರಳು ತೋರಿಸುವನು. ಡಾಕ್ಟರರಿಗೆ ತೋರಿಸಬೇಕೆಂದು ಹೊರಟಾಗ ಆಕೆ, "ಕತಿ ಹೇಳೋದು ನೀವೇ ಬಿಡಿಸಿದ್ರಿ. ಈಗ ಮಾತಾಡವಲ್ಲ ಅಂತ ದವಾಖಾನಿಗೆ ಒಯ್ತೀರೇನು?" ಅಂದಳು.

ಆಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನು ಓದತೊಡಗಿದೆ. ಮೆಟ್ರಿಕ್ ಓದಿದವನಿಗೆ ದಕ್ಕಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ನಮ್ಮ ಸಮೀಪದ್ದೇ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆಯಲ್ಲ, ಅದರ ವಿಜ್ಞಾನಿಗಳು 1987ರಿಂದ 1990ರವರೆಗೆ ಅಂದಿನ ರಂಗಾರೆಡ್ಡಿ ಜಿಲ್ಲೆಯ 29 ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ನಮ್ಮ ಧಾರೂರೂ ಆಗ ಅದೇ ಜಿಲ್ಲೆಯದು, ವಿಕಾರಾಬಾದ ಜಿಲ್ಲೆಯಾದದ್ದು 2016ರಲ್ಲಿ. ಅಂಗನವಾಡಿಯ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದೇ ಆರಂಭವಾಗಿದ್ದರೂ ಎಲ್ಲ ಊರುಗಳಿಗೂ ಒಮ್ಮೆಲೇ ಬರಲಿಲ್ಲ. ಈ 29ರಲ್ಲಿ 15 ಹಳ್ಳಿಗಳಿಗೆ ಬಂದಿತ್ತು, 14ಕ್ಕೆ ಇನ್ನೂ ಬಂದಿರಲಿಲ್ಲ. ಬಂದ ಊರುಗಳಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿಯ ಉಪ್ಪಿಟ್ಟು, ಆರು ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧ. ಮೆಕ್ಕೆಜೋಳ ಮತ್ತು ಸೋಯಾ ಕೂಡಿಸಿದ ಹಿಟ್ಟಿನ ಉಪ್ಪಿಟ್ಟು ಅದು. ಅದರ ರುಚಿಯ ಬಗ್ಗೆ ನಾನೇನೂ ಹೇಳಲಾರೆ.

ಆ ಮಕ್ಕಳು 13ರಿಂದ 18 ವರ್ಷದವರಾದಾಗ, ಅಂದರೆ 2003-05ರಲ್ಲಿ, ಸಂಶೋಧಕರು ಮತ್ತೆ ಅವೇ ಹಳ್ಳಿಗಳಿಗೆ ಹೋದರು. ಉಪ್ಪಿಟ್ಟಿನ ಊರುಗಳ ಮಕ್ಕಳು ಸರಾಸರಿ 14 ಮಿಲಿಮೀಟರು ಎತ್ತರವಿದ್ದರು. ಮುಂದೆ 2016ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ನನಗೆ ಹೆಚ್ಚಿನದೆನಿಸಿತು. ತಾಯಿಯ ಗರ್ಭದಲ್ಲಿದ್ದಾಗ ಮತ್ತು ಮೊದಲ ಮೂರು ವರ್ಷಗಳಲ್ಲಿ ಈ ಆಹಾರದ ಆಸರೆ ಸಿಕ್ಕ ಮಕ್ಕಳು ಸಾಲೆಯಲ್ಲಿ ಉಳಿದಿರುವ ಸಾಧ್ಯತೆ ಸುಮಾರು ಶೇಕಡಾ 8ರಷ್ಟು ಹೆಚ್ಚು. ಅವರು ಮುಗಿಸಿದ ತರಗತಿಗಳೂ ಸರಾಸರಿ 0.84ರಷ್ಟು ಹೆಚ್ಚು, ಹೆಚ್ಚುಕಡಿಮೆ ಒಂದು ವರ್ಷದ ಓದು. ಹುಟ್ಟುವ ಮುಂಚೆ ತಾಯಿ ಉಂಡ ಉಪ್ಪಿಟ್ಟು ಹದಿನೈದು ವರ್ಷದ ಮೇಲೆ ಸಾಲೆಯ ಹಾಜರಿ ಪುಸ್ತಕದಲ್ಲಿ ಕಂಡಿತು!

ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಮುಚ್ಚಿಡದೆ ಹೇಳಿದೆ: ಓದಿನ ಗುಣಮಟ್ಟದಲ್ಲಿ ಎರಡೂ ಊರುಗಳ ಮಕ್ಕಳಿಗೆ ವ್ಯತ್ಯಾಸ ಕಾಣಲಿಲ್ಲ. ಊಟ ಸಾಲೆಯ ಬಾಗಿಲ ತನಕ ಒಯ್ದು ನಿಲ್ಲಿಸಿತು. ಹಾಗಾದರೆ ಮುಂದಿನದಕ್ಕೆ ಏನು ಬೇಕು?

ಇದಕ್ಕೆ ಉತ್ತರ ದೂರದ ಜಮೈಕಾ ದ್ವೀಪದಲ್ಲಿ ಸಿಕ್ಕಿತು. ನಮ್ಮ ಕ್ರಿಕೆಟ್ ಅಭಿಮಾನಿಗಳಿಗೆ ಅಲ್ಲಿಯ ಕಿಂಗ್‌ಸ್ಟನ್ ಊರಿನ ಹೆಸರು ಗೊತ್ತು. 1986-87ರಲ್ಲಿ ಆ ಊರಿನ ಬಡ ಓಣಿಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಪೌಷ್ಟಿಕ ಆಹಾರ. ಒಂದಕ್ಕೆ ಆಟ ಮತ್ತು ಮಾತು: ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಹೋಗಿ, ಡಬ್ಬಿ, ಬಾಟಲಿ, ಚಿಂದಿಬಟ್ಟೆಯಿಂದ ಮಾಡಿದ ಆಟಿಕೆ ಕೊಟ್ಟು, ಕೂಸಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸುವಳು. ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಇದು ನಡೆದದ್ದು ಎರಡೇ ವರ್ಷ. ಇಪ್ಪತ್ತು ವರ್ಷದ ಮೇಲೆ ನೋಡಿದರೆ, ಆಟ-ಮಾತು ಸಿಕ್ಕವರ ಗಳಿಕೆ ಸಿಗದವರದಕ್ಕಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಬ್ಯಾಂಕಿನಲ್ಲಿ ಇಂಥ ಠೇವಣಿ ನಾನು ಕಂಡಿಲ್ಲ.

ಅಲ್ಲಿ ಕೂಸನ್ನು ಮಾತಾಡಿಸಿದವಳು ತಾಯಿ, ಆಕೆ ಆಡಿದ್ದು ಆಕೆಯ ಬಾಯಲ್ಲಿ ಸರಾಗವಾಗಿ ಬರುವ ಮಾತು. ನನ್ನ ಮನೆಯಲ್ಲಿ ನಾನು ಬಂದ್ ಮಾಡಿಸಿದ್ದು ಅದನ್ನೇ.

ಇನ್ನು ಗೊಂದಲದ ಮಾತು. ಒಡಿಶಾದಲ್ಲಿ ಕೊಂಧ ಎಂಬ ಬುಡಕಟ್ಟಿನವರಿದ್ದಾರೆ. ಅವರ ಭಾಷೆ ಕುಯಿ, ನಮ್ಮ ಕನ್ನಡ-ತೆಲುಗುಗಳ ಕುಲದ್ದೇ. ಕೆಲವು ಕಡೆ ಕುಯಿ ಮರೆತು ಒಡಿಯಾ ಒಂದೇ ಉಳಿದಿದೆ, ಕೆಲವು ಕಡೆ ಎರಡೂ ಇವೆ. ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿಯವರು ಈ ಎರಡೂ ಬಗೆಯ ಮಕ್ಕಳನ್ನು ಹೋಲಿಸಿ ವರ್ಷಗಟ್ಟಲೆ ಪರೀಕ್ಷಿಸಿದರು. ಎರಡು ಭಾಷೆಯ ಮಕ್ಕಳೇ ಬುದ್ಧಿಯ ಪರೀಕ್ಷೆಗಳಲ್ಲಿ, ಅದರಲ್ಲೂ ಭಾಷೆಯನ್ನೇ ಕುರಿತು ಯೋಚಿಸುವ ಕೆಲಸದಲ್ಲಿ ಮುಂದಿದ್ದರು.

ಇದರ ಅರ್ಥ ನನಗೆ ಮೊಮ್ಮಗನಿಂದಲೇ ಆಯಿತು. ಅವನನ್ನು ನರ್ಸರಿಯಿಂದ ಬಿಡಿಸಿ ನಮ್ಮ ಓಣಿಯ ಅಂಗನವಾಡಿಗೆ ಕಳಿಸಿದೆವು, ರಾತ್ರಿ ಆಯಿಯ ಕತೆ ಮತ್ತೆ ಶುರುವಾಯಿತು. ಮೆಲ್ಲಗೆ ಮಾತು ಬಂತು. ನಾಲ್ಕೂವರೆ ವರ್ಷಕ್ಕೆ ಒಂದು ದಿನ, "ಮುತ್ಯಾ, ಹಾಲು ಅಂದ್ರ ಪಾಲು, ಹುಲಿ ಅಂದ್ರ ಪುಲಿ, ಹಾವು ಅಂದ್ರ ಪಾಮು" ಎಂದು ಎಣಿಸತೊಡಗಿದ. ಪಂಡಿತರು ಹೇಳುವ ಹಕಾರ-ಪಕಾರದ ನಿಯಮವನ್ನು ಕೂಸು ಅಂಗಳದಲ್ಲಿ ಕೂತು ತಾನೇ ಹಿಡಿದಿತ್ತು. ಆಮೇಲೆ ಅಂಗಡಿಗೆ ಹೋಗಿ 'ಪಪ್ಪಳ' ಕೊಡಿರೆಂದು ಕೇಳಿದನಂತೆ! ಅಪ್ಪಡವೆಂದು ತಿದ್ದಿದ ಅಂಗಡಿಯವನ ಮೇಲೆ ಇಂದಿಗೂ ಅವನಿಗೆ ಸಿಟ್ಟಿದೆ.

ಮಕ್ಕಳ ಮೊದಲ ಕಲಿಕೆ ಮನೆಮಾತಿನಲ್ಲಿ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದಿದೆ, ಸಾಧ್ಯವಾದಲ್ಲೆಲ್ಲ ಎಂಬ ಮಾತೂ ಜೊತೆಗಿದೆ. ಕಾಗದದ ಮಾತು ನಮ್ಮ ಓಣಿಗೆ ಬರುವ ತನಕ ಕೂಸು ಬೆಳೆಯದೆ ಕೂತಿರುವುದಿಲ್ಲ. ಅಂಗನವಾಡಿಯ ಟೀಚರಮ್ಮ ತೆಲುಗಿನವರಾದರೆ ಜಗಳ ಬೇಡ, ಅವರ ಕೈಯಲ್ಲಿ ಕೆಲಸವೂ ಬಹಳ. ಬಸುರಿ ಸೊಸೆಯನ್ನು ಊಟಕ್ಕೆ ತಪ್ಪದೆ ಕಳಿಸಿರಿ. ಸಣ್ಣ ಕೂಸಿಗೆಂದು ಕೊಡುವ ಬಾಲಾಮೃತಂ ಪೊಟ್ಟಣ ಆ ಕೂಸಿಗೇ ಹೋಗಲಿ. ದೊಡ್ಡವರು ಹಾಲಲ್ಲಿ ಕಲಸಿ ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಸಿನ ತೂಕದ ಚಾರ್ಟನ್ನು ಕೇಳಿ ನೋಡಿರಿ.

ನಾನು ಇನ್ನೊಂದು ಕೆಲಸ ಮಾಡಿದೆ. ಒಂದು ಚೀಟಿಯಲ್ಲಿ ಹನ್ನೆರಡು ಕನ್ನಡ ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ತೆಲುಗು ಅರ್ಥ ಬರೆದುಕೊಟ್ಟೆ: ನೀರಡಿಕಿ, ಹಸಿವು, ಒಂದಕ್ಕ, ಹೊಟ್ಟಿನೋವು, ಅಂಜಿಕಿ, ಆಯಿ ಇಂಥವು. ಟೀಚರಮ್ಮ ಅದನ್ನು ಹಾಜರಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿಕೊಂಡರು. ಈ ವರ್ಷ ಅಲ್ಲಿಗೆ ಇನ್ನೂ ಮೂರು ಕನ್ನಡದ ಮನೆಯ ಕೂಸುಗಳು ಬಂದಿವೆ. ಚೀಟಿ ಹರಿದಿತ್ತು, ಹೋದ ವಾರ ಹೊಸದು ಬರೆದುಕೊಟ್ಟು ಬಂದೆ.