ಕಾಮೆಂಟಿನೊಳಗೊಂದು ಬಗ್

ಹೋದ ಶನಿವಾರ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಇಲ್ಲಿ ನ್ಯೂಜೆರ್ಸಿಯಲ್ಲಿ ರಾತ್ರಿ ಒಂಬತ್ತೂವರೆ, ಶಿವಮೊಗ್ಗದಲ್ಲಿ ಭಾನುವಾರದ ಬೆಳಗ್ಗೆ. ಹಿಂದೆ ಕುಕ್ಕರ್ ಕೂಗೋದು ಕೇಳಿಸ್ತಿತ್ತು.

"ಚಿಕ್ಕಮ್ಮನ ಜೀನ್ ಟೆಸ್ಟ್ ರಿಪೋರ್ಟ್ ಬಂತು ಕಣೇ. ಡಾಕ್ಟರು ದೋಷ ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಕಳಿಸ್ತೀನಿ, ನೋಡಿ ಹೇಳು. ನೀನು ಕಂಪ್ಯೂಟರ್ ಓದಿದವಳಲ್ವಾ!"

ಅಮ್ಮನ ಪ್ರಕಾರ ಕಂಪ್ಯೂಟರ್ ಓದಿದವರಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲವೂ ಬರುತ್ತದೆ, ಬರಲೇಬೇಕು.

ಚಿಕ್ಕಮ್ಮನಿಗೆ ಈಗ ೪೨ ವರ್ಷ. ಸ್ತನ ಕ್ಯಾನ್ಸರ್ ಆಗಿ, ಆಪರೇಷನ್, ಕೀಮೋ ಎಲ್ಲಾ ಮುಗಿದು ಈಗಷ್ಟೇ ತಲೆಗೂದಲು ಚಿಗುರ್ತಾ ಇದೆ. ರಿಪೋರ್ಟಿನಲ್ಲಿ ಇದ್ದದ್ದಿಷ್ಟು: ಬಿಆರ್‌ಸಿಎ-೧ ಜೀನಿನ ಒಂದು ಇಂಟ್ರಾನಿನಲ್ಲಿ ಐದನೇ ಅಕ್ಷರ ಬದಲಾಗಿದೆ. ಪಕ್ಕದಲ್ಲಿ ಷರಾ: ಮಹತ್ವ ಅನಿಶ್ಚಿತ.

ಇಂಟ್ರಾನ್ ಅಂತ ಕಂಡ ಕೂಡಲೇ ನನಗೆ ಸಮಾಧಾನವಾಯ್ತು. ಪಿಯುಸಿಯಲ್ಲಿ ಓದಿದ್ದು ನೆನಪಿತ್ತು, ಪ್ರೋಟೀನ್ ತಯಾರಿಕೆಗೆ ಬೇಡದ ಭಾಗ ಅದು. ಬೇಡದ ಜಾಗದಲ್ಲಿ ಒಂದಕ್ಷರ ತಪ್ಪಾದರೆ ಏನು ಮಹಾ? "ಏನೂ ಇಲ್ಲ ಬಿಡಮ್ಮ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. ಬೆಳಗಾಗೋ ಹೊತ್ತಿಗೆ ಗೊತ್ತಾಯ್ತು, ನಾನು ಹೇಳಿದ್ದು ತಪ್ಪು ಅಂತ.

ಸ್ವಲ್ಪ ವಿಜ್ಞಾನ ಹೇಳ್ತೀನಿ, ಸಹಿಸಿಕೊಳ್ಳಿ. ಜೀವಕೋಶ ಮೊದಲು ಡಿಎನ್‌ಎಯಲ್ಲಿರುವ ಜೀನನ್ನು ಆರ್‌ಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆ ನಕಲಿನಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ಬಿಸಾಡಿ, ಉಳಿದ ಎಕ್ಸಾನ್ ತುಂಡುಗಳನ್ನು ಸಾಲಾಗಿ ಅಂಟಿಸುತ್ತದೆ. ಇದೇ ಸ್ಪ್ಲೈಸಿಂಗ್. ೧೯೭೭ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಅಡಿನೋವೈರಸ್ಸಿನಲ್ಲಿ ಇದನ್ನು ಕಂಡುಹಿಡಿದವು. ೧೯೯೩ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬಿಆರ್‌ಸಿಎ-೧ ಜೀನಿನಲ್ಲಿ ಸುಮಾರು ೮೦ ಸಾವಿರ ಅಕ್ಷರಗಳಿವೆ. ಕತ್ತರಿ ಕೆಲಸ ಮುಗಿದ ಮೇಲೆ ಉಳಿಯೋದು ಏಳು ಸಾವಿರ ಚಿಲ್ಲರೆ ಮಾತ್ರ!

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಂಟ್ರಾನ್ ಅಂದ್ರೆ ಕೋಡಿನ ಮಧ್ಯೆ ಬರೆದಿಡುವ ಕಾಮೆಂಟ್. ಕಂಪೈಲರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಕಾಮೆಂಟ್ ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದಕ್ಕೆ ಗುರುತು ಬೇಕಲ್ಲ? ಆ ಗುರುತು ಅಳಿಸಿಹೋದರೆ ಕಾಮೆಂಟೇ ಕೋಡ್ ಆಗಿಬಿಡಬಹುದು, ಇಲ್ಲವೇ ಒಳ್ಳೆ ಕೋಡೇ ಕಾಮೆಂಟ್ ಆಗಿ ಮಾಯವಾಗಬಹುದು. ಜೀನಿನಲ್ಲೂ ಹಾಗೇ. ಇಂಟ್ರಾನ್ ಸಾಮಾನ್ಯವಾಗಿ ಜಿ-ಟಿ ಅಕ್ಷರಗಳಿಂದ ಶುರುವಾಗಿ ಎ-ಜಿಯಲ್ಲಿ ಮುಗಿಯುತ್ತದೆ. ಆ ಗುರುತು ಕೆಟ್ಟರೆ ಎಷ್ಟೋ ಸಲ ಪಕ್ಕದ ಎಕ್ಸಾನ್ ಪೂರ್ತಿ ಹಾರಿಹೋಗುತ್ತದೆ. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡಬೇಕಾದ ಬಿಆರ್‌ಸಿಎ-೧ ಪ್ರೋಟೀನು ಆಗ ಕೆಲಸಕ್ಕೆ ಬರುವುದಿಲ್ಲ.

ಚಿಕ್ಕಮ್ಮನದು ಐದನೇ ಅಕ್ಷರ. ಮೊದಲೆರಡು ಬದಲಾಗಿದ್ದರೆ ಅನುಮಾನಕ್ಕೆ ಜಾಗ ಕಡಿಮೆ ಇರ್ತಿತ್ತು. ಐದನೆಯದು ಸಾಮಾನ್ಯವಾಗಿ ಜಿ ಇರುತ್ತದೆ, ಆದರೆ ಅದಿಲ್ಲದೆಯೂ ಎಷ್ಟೋ ಇಂಟ್ರಾನ್‌ಗಳು ಸರಿಯಾಗಿಯೇ ಕತ್ತರಿಸಲ್ಪಡುತ್ತವೆ. ಡಾಕ್ಟರು ನುಣುಚಿಕೊಂಡಿರಲಿಲ್ಲ, ನಿಜವನ್ನೇ ಹೇಳಿದ್ದರು.

ಗುರುತು ಸರಿಯಿದ್ದರೂ ಕತ್ತರಿಯೇ ದಾರಿ ತಪ್ಪೋದುಂಟು. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಪ್ರೋಟೀನುಗಳಲ್ಲಿ ಎಸ್‌ಆರ್‌ಎಸ್‌ಎಫ್-೧ ಒಂದು. ಅದು ಅತಿಯಾದರೆ ಕೋಶ ಕ್ಯಾನ್ಸರಿನ ಕಡೆ ವಾಲುತ್ತದೆ ಅಂತ ಏಡ್ರಿಯನ್ ಕ್ರೈನರ್ ಅವರ ತಂಡ ೨೦೦೭ರಲ್ಲಿ ತೋರಿಸಿತು. ಕೆಲವು ಸ್ತನ ಗಡ್ಡೆಗಳಲ್ಲಿ ಅದು ಹೆಚ್ಚಾಗಿರುತ್ತದೆ. ಹರ್-೨ ಅನ್ನೋ ಇನ್ನೊಂದು ಜೀನಿನಲ್ಲಿ ೧೬ನೇ ಎಕ್ಸಾನ್ ಬಿಟ್ಟುಹೋದರೆ, ಯಾರೂ ಒತ್ತದೆಯೇ ಸ್ವಿಚ್ ಆನ್ ಆಗಿ ಕೂತಿರುವಂಥ ಪ್ರೋಟೀನ್ ತಯಾರಾಗುತ್ತದೆ. ಇನ್ನೂ ಚಾಲಾಕಿ ಕೋಶಗಳಿವೆ: ಬಿಆರ್‌ಸಿಎ-೧ರ ೧೧ನೇ ಎಕ್ಸಾನಿನಲ್ಲಿ ದೋಷವಿದ್ದರೆ ಆ ಎಕ್ಸಾನಿನ ಬಹುಪಾಲನ್ನೇ ಕತ್ತರಿಸಿ, ಅರ್ಧಂಬರ್ಧ ಕೆಲಸ ಮಾಡುವ ಪ್ರೋಟೀನ್ ಮಾಡಿಕೊಂಡು, ಒಲಾಪರಿಬ್ ಥರದ ಔಷಧಿಗಳಿಂದ ತಪ್ಪಿಸಿಕೊಳ್ಳುತ್ತವೆ. ಬಗ್ ಇರೋ ಸಾಲನ್ನೇ ಕಾಮೆಂಟ್ ಮಾಡಿ ಪ್ರೋಗ್ರಾಮ್ ಓಡಿಸೋ ಕೆಲಸ ನಾವೂ ಮಾಡಿದ್ದೇವಲ್ಲ, ಅದೇ!

ಹಾಗಾದ್ರೆ ಪರಿಹಾರ? ಅದೇ ಕ್ರೈನರ್ ಅವರ ಸಂಶೋಧನೆಯಿಂದ ಬಂದ ನುಸಿನರ್ಸೆನ್ ಅನ್ನೋ ಔಷಧಿ ಸ್ಪ್ಲೈಸಿಂಗನ್ನೇ ತಿದ್ದುತ್ತದೆ. ಮಕ್ಕಳನ್ನು ಕಾಡುವ ಎಸ್‌ಎಮ್‌ಎ ಕಾಯಿಲೆಗೆ ಅಮೆರಿಕದಲ್ಲಿ ೨೦೧೬ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ತನ ಕ್ಯಾನ್ಸರಿಗೆ ಅಂಥದ್ದು ಇನ್ನೂ ಬಂದಿಲ್ಲ. ಆದರೆ ಅನುಮಾನ ಪರಿಹರಿಸಿಕೊಳ್ಳೋಕೆ ದಾರಿ ಇದೆ. ಅಕ್ಷರಗಳ ಸಾಲು ನೋಡಿ ಕತ್ತರಿ ಎಲ್ಲಿ ಬೀಳುತ್ತೆ ಅಂತ ಊಹಿಸುವ ಸ್ಪ್ಲೈಸ್‌ಎಐ ಅನ್ನೋ ಪ್ರೋಗ್ರಾಮ್ ೨೦೧೯ರಲ್ಲಿ ಬಂದಿದೆ. ಊಹೆಗಿಂತ ಗಟ್ಟಿ ಅಂದ್ರೆ ರಕ್ತದಿಂದ ಆರ್‌ಎನ್‌ಎ ತೆಗೆದು, ಎಕ್ಸಾನ್ ನಿಜಕ್ಕೂ ಹಾರಿಹೋಗಿದೆಯಾ ಅಂತ ನೋಡೋದು. ಕೋಡ್ ಓದಿ ತಲೆ ಕೆರೆದುಕೊಳ್ಳೋದಕ್ಕಿಂತ ಒಮ್ಮೆ ರನ್ ಮಾಡಿ ನೋಡಿದ ಹಾಗೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ, "ಏನೂ ಇಲ್ಲ ಅಂದಿದ್ದು ತಪ್ಪಮ್ಮ. ಹಾಗಂತ ಏನೋ ಇದೆ ಅಂತಾನೂ ಅಲ್ಲ" ಅಂದೆ. ಇಂಥ ಅನಿಶ್ಚಿತ ಬದಲಾವಣೆಗಳಲ್ಲಿ ಮುಂದೆ ತೀರ್ಮಾನವಾಗುವವುಗಳ ಪೈಕಿ ಹೆಚ್ಚಿನವು ನಿರುಪದ್ರವಿ ಅಂತಲೇ ಆಗುತ್ತವೆ. ಅಲ್ಲಿಯವರೆಗೆ ಈ ಒಂದು ಸಾಲು ನಂಬಿ ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು. ಮನೆಯಲ್ಲಿ ಒಬ್ಬರಿಗೆ ಬಂದಿದೆ ಅನ್ನೋದನ್ನ ಮರೆತು ತಪಾಸಣೆ ತಪ್ಪಿಸಲೂಬಾರದು. ಆರ್‌ಎನ್‌ಎ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳು ಅಂತ ಚಿಕ್ಕಮ್ಮನಿಗೆ ಹೇಳಲು ಹೇಳಿದೆ.

ಅಮ್ಮ ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದ್ರೆ ಅದು ನನಗೂ ಇರಬಹುದು, ನಿನಗೂ ಇರಬಹುದು?" ಅಂದಳು.

ಇರಬಹುದು. ಅಮ್ಮನಿಗೆ ಎರಡರಲ್ಲೊಂದು, ನನಗೆ ನಾಲ್ಕರಲ್ಲೊಂದು ಸಾಧ್ಯತೆ. ಲೆಕ್ಕ ಸುಲಭ, ಹೇಳೋದು ಕಷ್ಟ. ಅದಕ್ಕೇ ಇಬ್ಬರೂ ಒಂದೇ ವಾರ ತಪಾಸಣೆಗೆ ಹೋಗೋಣ ಅಂತ ಮಾತಾಡಿಕೊಂಡ್ವಿ, ಅವಳು ಅಲ್ಲಿ, ನಾನು ಇಲ್ಲಿ.